ಗಾದಿಲಿಂಗನ ಕೈಯೂ ಕಾಳಪ್ಪನ ಮಿಷನ್ನೂ

ಕಂಪ್ಲಿ ದಾಟಿ ಕಾಲುವೆಯ ಏರಿ ಹಿಡಿದು ಒಂದು ಮೈಲಿ ನಡೆದರೆ ತೋಟಪ್ಪನ ಬೆಲ್ಲದ ಗಾಣ ಸಿಗುತ್ತಿತ್ತು. ಅಲ್ಲಿ ಇಪ್ಪತ್ತೆರಡು ಸುಗ್ಗಿಗಳಿಂದ ಪಾಕದ ಹದ ನೋಡುತ್ತ ಬಂದವನು ಗಾದಿಲಿಂಗ. ಓದು ಮೂರನೇ ಕ್ಲಾಸಿಗೆ ನಿಂತಿತ್ತು. ಆಸ್ತಿ ಎಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅವನಿಗೆ ಇದ್ದದ್ದು ಬಲಗೈಯ ಮೂರು ಬೆರಳು, ಮತ್ತು ಆ ಮೂರು ಬೆರಳಿನಿಂದ ಸುತ್ತಲ ಹಳ್ಳಿಗಳಲ್ಲಿ ಬಂದಿದ್ದ ಹೆಸರು.

ಕಬ್ಬಿನ ಹಾಲು ದೊಡ್ಡ ಕಡಾಯಿಯಲ್ಲಿ ಎರಡು ಮೂರು ತಾಸು ಕುದಿಯುತ್ತದೆ. ಒಲೆಗೆ ಸಿಪ್ಪೆ ತುಂಬುವುದು, ಮೇಲೆ ಬಂದ ಕೊಳೆ ತೆಗೆಯುವುದು, ತಳ ಹತ್ತದಂತೆ ಕೈಯಾಡಿಸುವುದು, ಇವನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಕೊನೆಯ ಐದು ನಿಮಿಷ ಮಾತ್ರ ಹದ ಬಲ್ಲವನದು. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ನಿಮಿಷ ತಡವಾದರೆ ಕರಕು ವಾಸನೆ ಬರುತ್ತದೆ. ಗಾದಿಲಿಂಗ ಬಲಗೈಯ ಮೂರು ಬೆರಳನ್ನು ತಣ್ಣೀರಿಗೆ ಅದ್ದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕುದಿಯುವ ಪಾಕಕ್ಕೆ ಅದ್ದಿ, ಮತ್ತೆ ತಣ್ಣೀರಿಗೆ ತರುತ್ತಿದ್ದ. ಬೆರಳಿಗಂಟಿದ ಪಾಕವನ್ನು ಉಂಡೆ ಮಾಡಿ ಕಡಾಯಿಯ ಅಂಚಿಗೆ ಎಸೆದಾಗ ಅದು ಕಲ್ಲಿನಂತೆ ಸದ್ದು ಮಾಡಿದರೆ ‘ಇಳಿಸ್ರಿ’ ಎನ್ನುತ್ತಿದ್ದ. ಅಲ್ಲಿಗೂ ಅವನ ಕೆಲಸ ಮುಗಿಯುತ್ತಿರಲಿಲ್ಲ. ಬೆಲ್ಲ ಆರಿದ ಮೇಲೆ ಮೊದಲ ಚೂರು ಅವನ ಬಾಯಿಗೆ ಹೋಗಬೇಕು. ಅವನು ತಿಂದು ತಲೆ ಆಡಿಸಿದ ಮೇಲೆಯೇ ಬಳ್ಳಾರಿಯಿಂದ ಬಂದ ವ್ಯಾಪಾರಿ ತಕ್ಕಡಿಯ ಕಡೆ ನೋಡುತ್ತಿದ್ದ. ದಿನಕ್ಕೆ ಆರು ಏಳು ಕಡಾಯಿ ಇಳಿಯುತ್ತಿದ್ದವು. ಚೂರು ಎಷ್ಟಾಗುತ್ತಿತ್ತು ಎಂದು ಗಾದಿಲಿಂಗ ಯಾವತ್ತೂ ಎಣಿಸಿರಲಿಲ್ಲ. ಅದನ್ನು ಅವನು ತಿನ್ನುವುದು ಎಂದೇ ತಿಳಿದಿರಲಿಲ್ಲ.

ಅದು ಎರಡು ಸಾವಿರದ ಆರನೇ ಇಸವಿ. ಸಂಡೂರಿನ ಗುಡ್ಡಗಳ ಅದಿರು ಹಗಲೂ ರಾತ್ರಿ ಲಾರಿ ಹತ್ತುತ್ತಿತ್ತು. ಗಾಣದಲ್ಲಿ ಸಿಪ್ಪೆ ಹೊರುತ್ತಿದ್ದವರು ಒಬ್ಬೊಬ್ಬರೇ ಟಿಪ್ಪರಿನ ಕ್ಲೀನರುಗಳಾಗಿ ಹೋದರು. ಗಾದಿಲಿಂಗನ ಹೆಂಡತಿ ಎರ್ರೆಮ್ಮನ ತಮ್ಮ ಕಾಳಪ್ಪನೂ ಹಾಗೆಯೇ ಹೋದವನು. ನಾಲ್ಕು ವರ್ಷಕ್ಕೆ ಅವನದೇ ಒಂದು ಟಿಪ್ಪರ್ ಆಯಿತು, ಕೊರಳಿಗೆ ಚೈನು ಬಂತು, ಸೊಂಟಕ್ಕೆ ಮೊಬೈಲಿನ ಪಕ್ಕದಲ್ಲಿ ಇನ್ನೊಂದು ಚೀಲ ಬಂತು. ಅದರಲ್ಲಿ ಸಕ್ಕರೆ ಕಾಯಿಲೆ ನೋಡುವ ಸಣ್ಣ ಮಿಷನ್ನೂ ರಕ್ತದ ಹನಿ ಮುಟ್ಟಿಸುವ ಪಟ್ಟಿಗಳೂ ಇದ್ದವು. ಕಾಳಪ್ಪನಿಗೆ ಶುಗರ್ ಏನೂ ಇರಲಿಲ್ಲ. ಅವನ ಗುತ್ತಿಗೆದಾರನ ಹತ್ತಿರ ಅಂಥದ್ದೊಂದು ಇತ್ತು, ಅದಕ್ಕೆ ಇವನೂ ತಂದಿದ್ದ. ಹೋದಲ್ಲೆಲ್ಲ ಎಲೆ ಅಡಿಕೆ ಚೀಲ ಬಿಚ್ಚಿದಂತೆ ಅದನ್ನು ಬಿಚ್ಚಿ ಕಂಡವರ ಬೆರಳು ಚುಚ್ಚುತ್ತಿದ್ದ.

ಕಾರ್ತಿಕದ ಒಂದು ಬೆಳಿಗ್ಗೆ ಅವನು ಗಾಣಕ್ಕೆ ಬಂದ. ಅಕ್ಕನ ಗಂಡ ಎರಡನೆಯ ಕಡಾಯಿ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದ. ಸುತ್ತ ನಾಲ್ಕು ಮಂದಿ ನಿಂತಿದ್ದರು, ತೋಟಪ್ಪ ಹಗ್ಗದ ಮಂಚದ ಮೇಲೆ ಕುಳಿತಿದ್ದ. ಕಾಳಪ್ಪ ಮಿಷನ್ನು ತೆಗೆದು ಅದರ ಗುಣಗಾನ ಮಾಡಿದ. ಗಾದಿಲಿಂಗ ಎಡಗೈ ಚಾಚಿದಾಗ ಅವನು ಒಪ್ಪಲಿಲ್ಲ.

‘ಎಡಗೈ ಬ್ಯಾಡ ಮಾಮ. ಮಿಷನ್ನಿಗೆ ಮೊದಲ ಸಲ ಕೈ ಕೊಡಾಕ ಹತ್ತೀರಿ, ಬಲಗೈ ಕೊಡ್ರಿ.’

‘ತಡಿ, ತೊಳಕೊಂಡು ಬರ್ತೀನಿ.’

‘ನೀರು ಹಚ್ಚಬ್ಯಾಡ್ರಿ, ಪಟ್ಟಿ ಕೆಡ್ತದ. ಇಪ್ಪತ್ತು ರೂಪಾಯಿ ಪಟ್ಟಿ ಅದು. ಟವೆಲಿಗೆ ಒರಸ್ರಿ ಸಾಕು.’

ಗಾದಿಲಿಂಗ ಹೆಗಲ ಟವೆಲಿಗೆ ಇನ್ನೊಮ್ಮೆ ಕೈ ಒರೆಸಿ ತೋರುಬೆರಳು ಕೊಟ್ಟ. ಮಿಷನ್ನು ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಮಾಡಿ ಇನ್ನೂರ ಅರವತ್ತೆಂಟು ಎಂದು ತೋರಿಸಿತು. ಕಾಳಪ್ಪನ ಮುಖ ಬಾಡಿತು. ಅವನಿಗೆ ಅಂಥ ಅಂಕಿ ಸಿಕ್ಕಿದ್ದು ಅದೇ ಮೊದಲು. ಊಟಕ್ಕೆ ಮೊದಲು ನೂರರೊಳಗೆ ಇರಬೇಕು, ಊಟ ಆದ ಮೇಲೆ ನೂರ ನಲವತ್ತರೊಳಗೆ ಇರಬೇಕು ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಮಾಮ ಏನು ತಿಂದಿದ್ದಾರೆ ಎಂದು ಕೇಳಿದ. ಬೆಳಿಗ್ಗೆಯಿಂದ ಒಂದು ಕಪ್ಪು ಚಹಾ ಬಿಟ್ಟರೆ ಏನೂ ಇಲ್ಲ ಎಂದು ಗಾದಿಲಿಂಗ ಹೇಳಿದ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ.

ಸಂಜೆಗೆಲ್ಲ ಅಂಕಿ ಊರು ಸುತ್ತಿ ಬಂತು. ಮರುದಿನ ಗಾದಿಲಿಂಗ ಕಡಾಯಿಯ ಹತ್ತಿರ ಹೋದರೆ ಅಲ್ಲಿ ಹದ ನೋಡಲು ಗಾದಿಗನೂರಿನ ಉಚ್ಚೆಂಗೆಪ್ಪ ನಿಂತಿದ್ದ. ತೋಟಪ್ಪ ಗಾದಿಲಿಂಗನನ್ನು ಪಕ್ಕಕ್ಕೆ ಕರೆದ. ಶುಗರ್ ಇದ್ದವರಿಗೆ ತಲೆ ತಿರುಗುತ್ತದೆ, ಯಾವಾಗ ಬೀಳುತ್ತಾರೆ ಹೇಳಲಾಗುವುದಿಲ್ಲ, ಕುದಿಯುವ ಪಾಕದಲ್ಲಿ ಬಿದ್ದರೆ ಎಲುಬೂ ಸಿಗುವುದಿಲ್ಲ ಎಂದು ವಿವರಿಸಿದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ನಿಜವಾಗಿಯೂ ಹೆದರಿದ್ದ.

‘ಇಪ್ಪತ್ತೆರಡು ವರ್ಷದಾಗ ಬೀಳದಾವ ಈಗ ಬೀಳ್ತೀನೇನ್ರಿ?’

‘ಇಪ್ಪತ್ತೆರಡು ವರ್ಷ ನಿನಗ ಶುಗರ್ ಐತಿ ಅಂತ ಗೊತ್ತಿರಲಿಲ್ಲಲ್ಲೋ. ಇಲ್ಲ ಅಂತ ಒಂದು ಕಾಗದ ತಗೊಂಡು ಬಾ, ಅವತ್ತೇ ಕಡಾಯಿ ನಿಂದು.’

ಗಾದಿಲಿಂಗನಿಗೆ ಕೊಟ್ಟದ್ದು ಅಚ್ಚಿನಿಂದ ಬೆಲ್ಲ ಬಿಡಿಸಿ ಚೀಲಕ್ಕೆ ತುಂಬುವ ಕೆಲಸ. ಅದು ಹೆಂಗಸರ ಕೆಲಸ. ಜಂಬವ್ವ ಎಂಬ ಮುದುಕಿ ಅವನಿಗೆ ಜಾಗ ಬಿಟ್ಟು ಸರಿದು ಕುಳಿತು, ‘ಬಾರಪ್ಪ, ನಮ್ಮ ಕಡಿಗೂ ಒಬ್ಬ ಗಂಡಸು ಬೇಕಾಗಿತ್ತು’ ಎಂದಳು. ಎಲ್ಲರೂ ನಕ್ಕರು. ಅವಳು ಪ್ರೀತಿಯಿಂದಲೇ ಅಂದದ್ದು, ಆದರೂ ಅವನು ಅವರಿಗೆ ಬೆನ್ನು ಮಾಡಿ ಕುಳಿತ. ಆಚೆ ಕಡಾಯಿಯಲ್ಲಿ ಪಾಕ ಕುದಿಯುವ ಸದ್ದು ಬದಲಾದಾಗಲೆಲ್ಲ ಅವನ ಕತ್ತು ತಾನಾಗಿ ತಿರುಗುತ್ತಿತ್ತು. ಉಚ್ಚೆಂಗೆಪ್ಪ ಇಳಿಸಲಿಲ್ಲ, ಇನ್ನೂ ಇಳಿಸಲಿಲ್ಲ, ಇಳಿಸಿದ. ತಡವಾಯಿತು. ಕರಕು ವಾಸನೆ ಇಲ್ಲಿಯವರೆಗೂ ಬಂತು. ಗಾದಿಲಿಂಗ ಹಲ್ಲು ಕಚ್ಚಿ ಚೀಲ ತುಂಬಿದ.

ಮನೆಯಲ್ಲಿ ಎರ್ರೆಮ್ಮ ಪಥ್ಯ ಶುರು ಮಾಡಿದಳು. ಚಹಾಕ್ಕೆ ಬೆಲ್ಲ ನಿಂತಿತು. ಅನ್ನ ನಿಂತಿತು, ಮೂರು ಹೊತ್ತೂ ಜೋಳದ ರೊಟ್ಟಿ. ಬೆಳಗಾದರೆ ಹಾಗಲಕಾಯಿ ರಸ. ಗಾದಿಲಿಂಗ ಮೂಗು ಮುಚ್ಚಿಕೊಂಡು ಎಲ್ಲ ಕುಡಿದ. ಕಡಾಯಿ ಹೋದ ಮೇಲೆ ರುಚಿ ನೋಡುವುದೂ ಬಹಳ ಮಟ್ಟಿಗೆ ತಪ್ಪಿತ್ತು, ಒಡೆದ ಬೆಲ್ಲದ ಚೂರು ಒಂದೋ ಎರಡೋ ಅಭ್ಯಾಸಬಲದಿಂದ ಬಾಯಿಗೆ ಹೋದರೆ ಹೋಗುತ್ತಿತ್ತು, ಅಷ್ಟೆ. ವಾರ ಬಿಟ್ಟು ಕಾಳಪ್ಪ ಮತ್ತೆ ಬಂದು ಗಾಣದಲ್ಲೇ ಚುಚ್ಚಿದ. ಇನ್ನೂರ ಎಪ್ಪತ್ತೊಂಬತ್ತು. ಇನ್ನೊಂದು ವಾರಕ್ಕೆ ಮುನ್ನೂರ ಒಂದು.

ಇದಕ್ಕಿಂತ ಹೆಚ್ಚು ಅವನನ್ನು ಕೆಣಕಿದ್ದು ಬೇರೆ ಯಾವುದೂ ಇಲ್ಲ. ತಿನ್ನುತ್ತಿದ್ದಾಗ ಇನ್ನೂರ ಅರವತ್ತೆಂಟು, ಬಿಟ್ಟ ಮೇಲೆ ಮುನ್ನೂರ ಒಂದು. ಇದು ಎಲ್ಲಿಯ ನ್ಯಾಯ? ಎರ್ರೆಮ್ಮನಿಗೆ ಅದರಲ್ಲಿ ಗೊಂದಲವೇ ಕಾಣಲಿಲ್ಲ.

‘ಕದ್ದು ತಿಂತೀ ನೀ. ಮಿಷನ್ನು ಯಾಕ ಸುಳ್ಳು ಹೇಳ್ತದ?’

‘ನಾ ಹೇಳ್ತೀನೇನು ಹಂಗಾರ ಸುಳ್ಳು?’

ಅವಳು ಹಾಗಲಕಾಯಿ ಹೆಚ್ಚಿದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ಅವನನ್ನು ಕಳ್ಳ ಎಂದದ್ದು ಅದೇ ಮೊದಲು. ಅದೂ ಬೆಲ್ಲದ ಕಳ್ಳ.

ಕಾಗದ ತರಲು ಹೊಸಪೇಟೆಗೆ ಹೋಗಬೇಕಿತ್ತು. ರಾತ್ರಿ ಊಟದ ನಂತರ ಏನೂ ತಿನ್ನದೆ ಬರಬೇಕು ಎಂದು ಲ್ಯಾಬಿಗೆ ಹೋಗಿ ಬಂದವರು ಹೇಳಿದ್ದರು. ಗಾದಿಲಿಂಗ ನಸುಕಿನಲ್ಲಿ ಎದ್ದು ಗಾಣಕ್ಕೆ ಹೋದ, ಹಿಂದಿನ ದಿನದ ಅಚ್ಚುಗಳನ್ನು ಬಿಡಿಸಿಟ್ಟು ತೋಟಪ್ಪನಿಗೆ ಹೇಳಿ ಬಸ್ಸು ಹಿಡಿದ. ಕಮಲಾಪುರದವರೆಗೆ ಬಸ್ಸು ಚೆನ್ನಾಗಿಯೇ ಓಡಿತು. ಹೊಸಪೇಟೆ ಹತ್ತಿರ ಬಂದಂತೆ ಅದಿರಿನ ಲಾರಿಗಳ ಸಾಲು ರಸ್ತೆ ತುಂಬ ಮಲಗಿತ್ತು. ಒಂದೂವರೆ ತಾಸು ಬಸ್ಸು ಇರುವೆಯಂತೆ ಹರಿಯಿತು. ಮರ, ಮನೆ, ಎಮ್ಮೆ, ಎಲ್ಲದರ ಮೇಲೂ ಕೆಂಪು ಧೂಳು.

ಲ್ಯಾಬಿನಲ್ಲಿ ರಕ್ತ ತೆಗೆಯುವವಳು ಮಾಧವಿ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ನಿನ್ನೆ ರಾತ್ರಿಯಿಂದ ಏನೂ ಇಲ್ಲ ಎಂದ. ತೋಳಿಗೆ ರಬ್ಬರು ಕಟ್ಟುತ್ತ ಸುಮ್ಮನೆ ಮಾತಿಗೆ, ಏನು ಕೆಲಸ ಎಂದು ವಿಚಾರಿಸಿದಳು. ಗಾದಿಲಿಂಗನಿಗೆ ಯಾರಾದರೂ ಅದನ್ನು ಕೇಳಿ ದಿನಗಳಾಗಿದ್ದವು. ಪಾಕ, ಹದ, ಬಣ್ಣ ಎಲ್ಲ ಹೇಳಿದ. ಇವತ್ತು ಬೆಳಿಗ್ಗೆ ಕೂಡ ಉಚ್ಚೆಂಗೆಪ್ಪನ ಬೆಲ್ಲದ ಚೂರು ಬಾಯಿಗೆ ಹಾಕಿ ನೋಡಿದೆ, ಬರೀ ಕರಕು ಎಂದ. ಮಾಧವಿ ಸೂಜಿ ಕೆಳಗಿಟ್ಟಳು.

‘ತಿಂದಿಲ್ಲ ಅಂದ್ರಲ್ರಿ?’

‘ತಿಂದಿಲ್ರಿ. ರುಚಿ ನೋಡೀನಿ.’

‘ಎಷ್ಟು ನೋಡಿದ್ರಿ ರುಚಿ?’

‘ಎರಡು ಅಡಕಿ ಅಷ್ಟು.’

ಅವಳು ರಬ್ಬರು ಬಿಚ್ಚಿದಳು. ಇನ್ನೊಂದು ದಿನ ಬನ್ನಿ, ಬರುವಾಗ ಗಾಣದ ಕಡೆ ಹೋಗಲೇಬೇಡಿ ಎಂದಳು. ಗಾದಿಲಿಂಗ ವಾದ ಮಾಡಿದ. ಇಷ್ಟು ದೂರ ಬಂದಿದ್ದೇನೆ, ಕೂಲಿ ಬಿಟ್ಟು ಬಂದಿದ್ದೇನೆ, ಅಷ್ಟು ಚೂರಿಗೆ ಏನಾಗುತ್ತದೆ ಎಂದ. ಅವಳು ಅವನ ಹಿಂದಿದ್ದವರನ್ನು ಕರೆದಳು. ಬಸ್‌ಸ್ಟ್ಯಾಂಡಿನವರೆಗೂ ಅವನು ತನ್ನನ್ನೇ ಬೈದುಕೊಂಡು ಹೋದ. ಮಾತಾಡದೆ ಇದ್ದಿದ್ದರೆ ರಕ್ತ ತೆಗೆಯುತ್ತಿದ್ದಳು, ಅಂಕಿ ಸುಳ್ಳಾಗುತ್ತಿತ್ತು. ಮಾತಾಡಿದ್ದಕ್ಕೆ ದಿನ ಹೋಯಿತು. ಯಾವುದು ಲೇಸು ಎಂದು ತಿಳಿಯಲಿಲ್ಲ.

ಮುಂದಿನ ವಾರ ಮೊದಲ ಬಸ್ಸಿಗೆ, ನೀರು ಮಾತ್ರ ಕುಡಿದು ಹೋದ. ಈ ಸಲ ರಕ್ತ ತೆಗೆದರು. ಆಮೇಲೆ ಮಾಧವಿ ಒಂದು ಲೋಟ ಕೊಟ್ಟು ಕುಡಿಯಲು ಹೇಳಿದಳು. ಕುಡಿದರೆ ಹಲ್ಲು ಜುಮ್ಮೆನ್ನುವ ಸಕ್ಕರೆ ನೀರು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಲು ಸಕ್ಕರೆಯನ್ನೇ ಕುಡಿಸುವ ಇವರ ಬುದ್ಧಿಗೆ ಏನು ಹೇಳಬೇಕೋ ಗೊತ್ತಾಗದೆ, ಎರಡು ತಾಸು ಬೆಂಚಿನ ಮೇಲೆ ಕುಳಿತ. ಎರಡು ತಾಸಿನ ನಂತರ ಮತ್ತೆ ರಕ್ತ. ಮೊದಲನೆಯದು ನೂರ ಹನ್ನೆರಡು, ಎರಡನೆಯದು ನೂರ ಅರವತ್ತೊಂದು.

ಪಕ್ಕದ ಕೋಣೆಯ ಡಾಕ್ಟರು ವಯಸ್ಸಾದವರು, ಮಾತು ನಿಧಾನ. ಅವರು ಹೇಳಿದ್ದನ್ನು ಗಾದಿಲಿಂಗ ಒಂದಕ್ಷರ ಬಿಡದೆ ನೆನಪಿಟ್ಟ. ಖಾಲಿ ಹೊಟ್ಟೆಯಲ್ಲಿ ನೂರು ದಾಟಬಾರದು, ನೂರ ಇಪ್ಪತ್ತಾರು ಮುಟ್ಟಿದರೆ ಕಾಯಿಲೆ. ಸಕ್ಕರೆ ನೀರು ಕುಡಿದು ಎರಡು ತಾಸಿಗೆ ನೂರ ನಲವತ್ತರೊಳಗೆ ಇಳಿಯಬೇಕು, ಇನ್ನೂರು ಮುಟ್ಟಿದರೆ ಕಾಯಿಲೆ. ನಿಮ್ಮದು ಎರಡೂ ನಡುವೆ ಇದೆ. ಇದಕ್ಕೆ ಬಾರ್ಡರ್ ಎನ್ನುತ್ತಾರೆ. ‘ಕಾಯಿಲೆಯ ಅಂಗಳಕ್ಕೆ ಬಂದು ನಿಂತೀರಿ. ಹೊಸ್ತಿಲು ದಾಟಿಲ್ಲ. ಬಾಯಿ ಕಟ್ಟಿದ್ರ ಅಲ್ಲಿಂದನ ತಿರುಗಿ ಬರಬಹುದು.’ ಈ ಅಂಕಿಗೆ ತಲೆ ತಿರುಗಿ ಬೀಳುವುದಿಲ್ಲ, ಗುಳಿಗೆಯೂ ಈಗಲೇ ಬೇಡ ಎಂದು ಹೇಳಿ, ಮೂರು ತಿಂಗಳಿಗೆ ಮತ್ತೆ ಬರಲು ತಿಳಿಸಿದರು. ಕೇಳಿದ್ದಕ್ಕೆ, ಕೆಲಸ ಮಾಡಬಹುದು ಎಂದು ಚೀಟಿಯನ್ನೂ ಬರೆದರು.

ಗಾದಿಲಿಂಗ ಚೀಟಿ ಹಿಡಿದು ನೇರವಾಗಿ ಗಾಣಕ್ಕೆ ಬಂದ. ತೋಟಪ್ಪ ಕನ್ನಡಕ ಹಾಕಿಕೊಂಡು ರಿಪೋರ್ಟು ಓದಿದ. ಎರಡೂ ಅಂಕಿಗಳ ಮುಂದೆ ಒಂದೊಂದು ಚುಕ್ಕಿ ಇತ್ತು. ಮೊದಲ ಚುಕ್ಕಿಯ ಮೇಲೆ ಅವನ ಬೆರಳು ನಿಂತಿತು. ಏನೂ ಇಲ್ಲದಿದ್ದರೆ ಚುಕ್ಕಿ ಯಾಕೆ ಹಾಕಿದ್ದಾರೆ? ಗಾದಿಲಿಂಗ ಅಂಗಳ, ಹೊಸ್ತಿಲು ಎಲ್ಲ ಹೇಳಿದ. ಅರ್ಧ ಹೇಳುವಷ್ಟರಲ್ಲಿ ತೋಟಪ್ಪ ಕಾಳಪ್ಪನಿಗೆ ಫೋನು ಮಾಡಿದ್ದ. ಕಾಳಪ್ಪ ಸಂಜೆ ಟಿಪ್ಪರಿನಲ್ಲೇ ಬಂದ. ಅಷ್ಟು ಹೊತ್ತಿಗೆ ಗಾದಿಲಿಂಗ ಎರಡು ತಾಸು ಬೆಲ್ಲ ಬಿಡಿಸಿ ಚೀಲ ತುಂಬಿದ್ದ. ಟವೆಲಿಗೆ ಕೈ ಒರೆಸಿ ಬಲಗೈ ಕೊಟ್ಟ. ಇನ್ನೂರ ಎಂಬತ್ತೇಳು.

‘ಈಗ ಯಾವುದು ನಂಬಲಿ ಹೇಳು,’ ಎಂದ ತೋಟಪ್ಪ. ‘ಅದು ಹೊಸಪೇಟ್ಯಾಗ ಯಾರೋ ಬರದ ಕಾಗದ. ಇದು ನನ್ನ ಕಣ್ಣ ಮುಂದ ನಿನ್ನ ರಕ್ತ.’

ಕಾಳಪ್ಪ ಲ್ಯಾಬಿನವರ ಮೇಲೆಯೇ ಅನುಮಾನಪಟ್ಟ. ದಿನಕ್ಕೆ ನೂರು ಮಂದಿಯ ರಕ್ತ ಬರುತ್ತದೆ, ಸೀಸೆ ಅದಲುಬದಲು ಆಗಿರುತ್ತದೆ ಎಂದ. ಯಾರೋ ಪುಣ್ಯಾತ್ಮ ಮಾಮನ ರಿಪೋರ್ಟು ಹಿಡಿದು ಅಳುತ್ತ ಕೂತಿರಬೇಕು ಎಂದು ಅವನು ಅಂದದ್ದಕ್ಕೆ ಎಲ್ಲರೂ ನಕ್ಕರು. ಗಾದಿಲಿಂಗ ನಗಲಿಲ್ಲ. ಒಂದೇ ಮೈಯಲ್ಲಿ ಬೆಳಿಗ್ಗೆ ಒಂದು ರಕ್ತ, ಸಂಜೆ ಒಂದು ರಕ್ತ ಹೇಗೆ ಹರಿಯುತ್ತದೆ? ಅದನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವನು ಕಾಳಪ್ಪನ ಮುಂದೆ ಕೈ ಚಾಚಿದ.

‘ಆ ಮಿಷನ್ನು ಎರಡು ದಿನ ನನಗ ಕೊಡು.’

‘ಯಾಕ ಮಾಮ, ಒಡೀತೀರೇನು?’

‘ಒಡೆಯಂಗಿಲ್ಲ. ಲ್ಯಾಬಿಗೆ ಒಯ್ತೀನಿ. ಎರಡೂ ಎದುರಾಬದುರಾ ಕುಂತು ಮಾತಾಡ್ಲಿ.’

ಕಾಳಪ್ಪ ಮನಸ್ಸಿಲ್ಲದೆ ಕೊಟ್ಟ. ಪಟ್ಟಿ ಆರು ಇವೆ ಎಂದು ಎರಡು ಸಲ ಹೇಳಿದ.

ಮೂರನೆಯ ಸಲ ಹೊರಟ ದಿನ ಅವನು ಗಾಣದ ಕಡೆ ಹೋಗಲಿಲ್ಲ, ಏನೂ ತಿನ್ನಲೂ ಇಲ್ಲ, ಆದರೆ ಹಿಂದಿನ ದಿನ ಕತ್ತಲಾಗುವವರೆಗೂ ಬೆಲ್ಲ ಬಿಡಿಸಿದ್ದ ಕೈಯನ್ನು ಚರಿಗೆ ನೀರಿನಲ್ಲಿ ತೊಳೆದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಹೆಗಲ ಮೇಲೆ ಅದೇ ಟವೆಲು. ಬಸ್ಸಿನಲ್ಲಿ ನಿಂತು ಹೋಗಬೇಕಾಯಿತು. ಕಿಟಕಿಗಳಿಗೆ ಗಾಜಿರಲಿಲ್ಲ. ಲಾರಿ ಸಾಲಿನ ನಡುವೆ ತಾಸುಗಟ್ಟಲೆ ನಿಂತಾಗ ಧೂಳು ಒಳಗೇ ಬಂದು ಕೂತಿತು. ಒಮ್ಮೊಮ್ಮೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಲ್ಲಿ ಮಿಷನ್ನಿನ ಚೀಲ ಎದೆಗೆ ಒತ್ತಿಕೊಂಡು ಬಂದ.

ಲ್ಯಾಬಿನಲ್ಲಿ ಮಾಧವಿ ಅವನ ಗುರುತು ಹಿಡಿದಳು. ಅವನ ಕಥೆ ಕೇಳಿ, ಒಂದೇ ಹೊತ್ತಿಗೆ ಎರಡೂ ಮಾಡಿ ನೋಡೋಣ ಎಂದಳು. ಬೆರಳು ತೋರಿಸಲು ಹೇಳಿ, ನೋಡಿ, ಮುಖ ಸಿಂಡರಿಸಿದಳು.

‘ಮೊದಲು ಸೋಪು ಹಚ್ಚಿ ಕೈ ತೊಳ್ಕೊಂಡು ಬರ್ರಿ. ಇದೇನ್ರಿ, ಕುಂಕುಮ ಕಲಿಸಿ ಬಂದಂಗದ?’

ತೊಟ್ಟಿಯಲ್ಲಿ ಕೈ ತೊಳೆಯುತ್ತ ಗಾದಿಲಿಂಗ ನೋಡಿದ. ಬಲಗೈಯ ಬೆರಳುಗಳು, ಗೆಣ್ಣಿನ ಗೀರುಗಳು, ಉಗುರಿನ ಸಂದಿ ಎಲ್ಲ ಕೆಂಪು ಮೆತ್ತಿ ನಿಂತಿತ್ತು. ಎಡಗೈ ಊದಿದರೆ ಹೋಗುವಷ್ಟು ಧೂಳು ಮಾತ್ರ. ಬಲಗೈಯದು ನೀರಿಗೆ ಹೋಗಲಿಲ್ಲ, ಸೋಪಿಗೆ ಮೂರು ಸಲ ಉಜ್ಜಿದ ಮೇಲೆ ಹೋಯಿತು. ಪಕ್ಕದಲ್ಲಿ ಅದೇ ಬಸ್ಸಿನಲ್ಲಿ ಬಂದವನೊಬ್ಬ ಕೈ ತೊಳೆಯುತ್ತಿದ್ದ. ಅವನ ಕೈಯಲ್ಲಿ ಏನೂ ಅಂಟಿರಲಿಲ್ಲ.

ಸೀಸೆಗೆ ರಕ್ತ ತೆಗೆದಳು. ಅದೇ ಹೊತ್ತಿಗೆ ತೊಳೆದ ಬೆರಳನ್ನು ಚುಚ್ಚಿ ಕಾಳಪ್ಪನ ಮಿಷನ್ನಿಗೆ ಹನಿ ಮುಟ್ಟಿಸಿದಳು. ನೂರ ಹತ್ತೊಂಬತ್ತು. ಅರ್ಧ ತಾಸಿಗೆ ಲ್ಯಾಬಿನ ಅಂಕಿ ಬಂತು, ನೂರ ಹತ್ತು. ಮನೆಯ ಮಿಷನ್ನು ಇಷ್ಟು ಆಚೀಚೆ ಆಗುವುದು ಸಹಜ, ಅದು ಕೆಟ್ಟಿಲ್ಲ ಎಂದಳು. ಆದರೆ ಕಾಯಿಲೆ ಇದೆಯೋ ಬಾರ್ಡರೋ ಎಂದು ತೀರ್ಮಾನ ಮಾಡಲು ಅದು ಆಗುವುದಿಲ್ಲ, ಹತ್ತು ಅಂಕಿಯ ವ್ಯತ್ಯಾಸದಲ್ಲಿ ಹೊಸ್ತಿಲು ಆಚೆಗೋ ಈಚೆಗೋ ಹೋಗಿಬಿಡುತ್ತದೆ, ತೀರ್ಮಾನ ಲ್ಯಾಬಿನದೇ ಎಂದಳು. ಹಾಗಾದರೆ ಗಾಣದಲ್ಲಿ ಮುನ್ನೂರು ಯಾಕೆ ಬಂತು? ಅದು ಅವಳಿಗೆ ಗೊತ್ತಿರಲಿಲ್ಲ. ಊಟದ ಮೇಲೆ ನೋಡಿರಬೇಕು ಎಂದು ಹೇಳಿ ಬೇರೆಯವರನ್ನು ಕರೆದಳು.

ಗಾದಿಲಿಂಗ ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತ. ಬೆಲ್ಲ ಏನೇನನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಣದಲ್ಲಿ ಬೆಲ್ಲದ ಕೈಯಿಂದ ಮುಟ್ಟಿದ ಕಂಬಕ್ಕೆ ಬೂದಿ ಅಂಟುತ್ತದೆ, ಇರುವೆ ಹತ್ತುತ್ತದೆ. ಧೂಳು ಅವನ ಬಲಗೈಯನ್ನೇ ಯಾಕೆ ಆರಿಸಿಕೊಂಡಿತು? ಹೆಗಲ ಟವೆಲು ತೆಗೆದು ನೋಡಿದ. ಮುಖ ಒರೆಸಿದ ಕಡೆ ಕೆಂಪು, ಉಳಿದದ್ದು ಗಂಜಿ ಹಾಕಿದಂತೆ ಬಿರುಸು. ಅವನು ಆ ಟವೆಲಿಗೆ ಬಲಗೈ ತೋರುಬೆರಳನ್ನು ಗಾಣದಲ್ಲಿ ಒರೆಸುವಂತೆಯೇ ಒರೆಸಿದ. ತಾನೇ ಚುಚ್ಚಿಕೊಂಡ, ಪಟ್ಟಿ ಇಟ್ಟ. ಇನ್ನೂರ ನಲವತ್ತಮೂರು. ರಕ್ತದ ಹನಿಯ ಜೊತೆ ಬೆರಳಿನ ಬೆಲ್ಲವೂ ಪಟ್ಟಿಗೆ ಹೋಗುತ್ತಿತ್ತು, ಕಡಾಯಿ ಬಿಟ್ಟು ಅಚ್ಚು ಹಿಡಿದ ಮೇಲೆ ಅಂಟಿದ್ದು ಇನ್ನೂ ಹೆಚ್ಚು.

ಅವನಿಗೆ ಮೊದಲು ಬಂದದ್ದು ಸಂತೋಷ ಅಲ್ಲ, ಸಿಟ್ಟು. ಒಂದೂವರೆ ತಿಂಗಳು ಹಾಗಲಕಾಯಿ ಕುಡಿದದ್ದು, ಹೆಂಡತಿಯಿಂದ ಕಳ್ಳ ಅನ್ನಿಸಿಕೊಂಡದ್ದು, ಜಂಬವ್ವನ ಪಕ್ಕ ಕೂತದ್ದು, ಎಲ್ಲ ಒಂದು ಚರಿಗೆ ನೀರು, ಒಂದು ಸೋಪು ಇಲ್ಲದ್ದಕ್ಕೆ.

ಮರುದಿನ ಗಾಣದಲ್ಲಿ ಕಾಳಪ್ಪನೂ ಇದ್ದ. ಗಾದಿಲಿಂಗ ಬಾಯಿಯಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಬೆರಳ ಮೇಲಿನ ಬೆಲ್ಲಕ್ಕೂ ಒಳಗಿನ ರಕ್ತಕ್ಕೂ ಏನು ಸಂಬಂಧ ಎಂದು ಕಾಳಪ್ಪ ಕೇಳಿದ. ಗಾದಿಲಿಂಗ ಒಂದು ಬೆಲ್ಲದ ಅಚ್ಚು ಎತ್ತಿ ತೋಟಪ್ಪನ ಕೈಗೆ ಕೊಟ್ಟ.

‘ಸಾವ್ಕಾರ್ರ, ಇದನ್ನ ಎರಡು ಭಾಗ ಮಾಡ್ರಿ.’

ತೋಟಪ್ಪ ಮುರಿದ. ಗಾದಿಲಿಂಗ ಟವೆಲು ಚಾಚಿದ, ತೋಟಪ್ಪ ಕೈ ಒರೆಸಿಕೊಂಡ.

‘ಈಗ ಬೆರಳು ಕೊಡ್ರಿ.’

‘ನನಗ್ಯಾಕಲೇ? ನನಗೇನು ಆಗೇತಿ?’

‘ಏನೂ ಆಗಿಲ್ಲಲ್ರಿ, ಅದಕ್ಕ ಕೇಳಿದ್ದು.’

ತೋಟಪ್ಪ ಸುತ್ತಲೂ ನೋಡಿದ. ಉಚ್ಚೆಂಗೆಪ್ಪ ಕಡಾಯಿ ಬಿಟ್ಟು ಬಂದಿದ್ದ, ಹೆಂಗಸರೆಲ್ಲ ಎದ್ದು ನಿಂತಿದ್ದರು. ಕೊಡದೆ ಇರುವಂತಿರಲಿಲ್ಲ. ಗಾದಿಲಿಂಗ ಚುಚ್ಚಿದ. ಮಿಷನ್ನು ಮುನ್ನೂರ ಇಪ್ಪತ್ತಾರು ಎಂದಿತು. ತೋಟಪ್ಪ ಮಂಚದ ಮೇಲೆ ಕುಸಿದು ಕುಳಿತ. ನೀರು ತರಲು ಹೇಳಿದ.

‘ನಿಮ್ಮನ್ನ ಕಡಾಯಿ ಹತ್ತಿರ ಬಿಡಬಾರದ್ರಿ,’ ಎಂದಳು ಜಂಬವ್ವ. ‘ಬರ್ರಿ, ನಮ್ಮ ಕಡೆ ಜಾಗ ಐತಿ.’

ಸೋಪು ತರಿಸಿ, ಕೈ ತೊಳೆಸಿ, ಒಣಗಿದ ಬಟ್ಟೆಗೆ ಒರೆಸಿ, ಕೊನೆಯ ಪಟ್ಟಿಗಳಲ್ಲೊಂದನ್ನು ಹಾಕಿ ಮತ್ತೆ ನೋಡಿದಾಗ ತೋಟಪ್ಪನದು ನೂರ ನಾಲ್ಕು. ಅವನು ಬೆರಳನ್ನು ಇನ್ನೊಮ್ಮೆ ಬಟ್ಟೆಗೆ ಒರೆಸಿಕೊಂಡ. ಕಾಳಪ್ಪ ಮಿಷನ್ನನ್ನು ಚೀಲಕ್ಕೆ ಹಾಕಿಕೊಂಡು, ನೀರು ಹಚ್ಚಿದರೆ ಪಟ್ಟಿ ಕೆಡುತ್ತದೆ ಎಂದು ಗುತ್ತಿಗೆದಾರನ ಡ್ರೈವರು ಹೇಳಿದ್ದ, ತನ್ನದೇನು ತಪ್ಪು ಎಂದು ಗೊಣಗಿದ.

ಅದೇ ದಿನ ಕಡಾಯಿ ಮರಳಿ ಬಂತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಈಗ ಎಲ್ಲರೂ ಗಾದಿಲಿಂಗನಿಗೆ ಶುಗರ್ ಇಲ್ಲವೇ ಇಲ್ಲ ಎಂದು ತೀರ್ಮಾನಿಸಿದ್ದರು. ಕಾಳಪ್ಪ ಸಂಡೂರಿನವರೆಗೂ ಅದನ್ನೇ ಸಾರಿದ. ಎರ್ರೆಮ್ಮ ಅವತ್ತು ಸಂಜೆ ಕಣ್ಣು ಒರೆಸಿಕೊಂಡು, ತಪ್ಪಾಯಿತು ಎನ್ನುವ ಬದಲು ಚಹಾಕ್ಕೆ ಎರಡು ಪಟ್ಟು ಬೆಲ್ಲ ಹಾಕಿ ತಂದಳು. ನೂರ ಹನ್ನೆರಡು, ನೂರ ಅರವತ್ತೊಂದು ಎಂದು ಅವನು ಹೇಳಿದರೆ ಯಾರ ಕಿವಿಗೂ ಬೀಳಲಿಲ್ಲ. ಮುನ್ನೂರು ಕೇಳಿ ಹೆದರಿದ್ದವರಿಗೆ ನೂರ ಹನ್ನೆರಡು ಒಂದು ಅಂಕಿಯೇ ಅಲ್ಲ. ಸುಳ್ಳು ಅಂಕಿಗೆ ಅವನ ಕೆಲಸ ಕಿತ್ತುಕೊಂಡವರು ನಿಜದ ಅಂಕಿಯನ್ನು ಕಣ್ಣೆತ್ತಿ ನೋಡಲಿಲ್ಲ.

ಮೊದಲ ಕಡಾಯಿ ಇಳಿಯಿತು. ಬೆಲ್ಲ ಹೊನ್ನಿನ ಬಣ್ಣಕ್ಕೆ ಕಟ್ಟಿತ್ತು. ಬಳ್ಳಾರಿಯ ವ್ಯಾಪಾರಿ ಕಾಯುತ್ತಿದ್ದ. ತೋಟಪ್ಪ ತಾನೇ ಮೊದಲ ಚೂರು ಮುರಿದು ಗಾದಿಲಿಂಗನ ಮುಂದೆ ಹಿಡಿದ.

‘ನಾ ಬಾಯಿಗೆ ಹಾಕಂಗಿಲ್ರಿ.’

‘ಯಾಕ?’

‘ಡಾಕ್ಟರು ಬಾಯಿ ಕಟ್ಟು ಅಂದಾರ. ಬಾರ್ಡರ್ ಐತಿ ನನಗ.’

‘ಏ, ಅದೆಲ್ಲ ಸುಳ್ಳಾತಲ್ಲೋ. ನನ್ನ ಬೆರಳಾಗೂ ಬಂತಲ್ಲ.’

‘ಮಿಷನ್ನಿಂದು ಸುಳ್ಳಾತ್ರಿ. ಲ್ಯಾಬಿಂದು ಖರೇನ ಐತಿ.’

ತೋಟಪ್ಪನ ದನಿ ಇಳಿಯಿತು. ವ್ಯಾಪಾರಿಗೆ ಕೇಳಬಾರದೆಂದು ಹತ್ತಿರ ಬಂದ.

‘ಮಾಡಿದಾವನ ತಿನ್ನಲಿಲ್ಲಂದ್ರ ತಗೊಳ್ಳಾವ ಯಾಕ ತಿಂತಾನೋ? ಒಂದು ಚೂರು, ಬಾಯಾಗ ಇಟ್ಟಂಗ ಮಾಡು.’

‘ದಿನಕ್ಕ ಏಳು ಕಡಾಯಿ ಇಳಿತಾವ್ರಿ. ಏಳು ಸಲ ಇಟ್ಟಂಗ ಮಾಡಾಕ ನನಗ ಬರಂಗಿಲ್ಲ, ನುಂಗೇ ಬಿಡ್ತೀನಿ.’ ಗಾದಿಲಿಂಗ ಟವೆಲು ಹೆಗಲಿನಿಂದ ತೆಗೆದ. ಎರ್ರೆಮ್ಮ ಅದನ್ನು ಕುದಿಸಿ ಒಗೆದಿದ್ದಳು. ‘ತಿನ್ನಾವ್ರೇ ಬೇಕಂದ್ರ ಉಚ್ಚೆಂಗೆಪ್ಪಗ ಕರೀರಿ. ಅವ ತಿಂತಾನ.’

ಉಚ್ಚೆಂಗೆಪ್ಪ ಒಂದೂವರೆ ತಿಂಗಳಲ್ಲಿ ಇಳಿಸಿದ ಕರಕು ಬೆಲ್ಲ ಇನ್ನೂ ಮೂಲೆಯಲ್ಲಿ ಚೀಲಗಟ್ಟಲೆ ಬಿದ್ದಿತ್ತು. ಅದನ್ನು ತೋಟಪ್ಪನೂ ನೋಡಿದ, ವ್ಯಾಪಾರಿಯೂ ನೋಡಿದ. ತೋಟಪ್ಪ ಹುಬ್ಬು ಗಂಟಿಕ್ಕಿ, ಕೈಯಲ್ಲಿದ್ದ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡು ತಲೆ ಆಡಿಸಿದ. ವ್ಯಾಪಾರಿ ಒಂದು ಗಳಿಗೆ ಅವನನ್ನೂ ಗಾದಿಲಿಂಗನನ್ನೂ ನೋಡಿ, ತಾನೂ ಒಂದು ಚೂರು ಮುರಿದುಕೊಂಡು ತಿಂದ. ಆಮೇಲೆ ತಕ್ಕಡಿಯ ಕಡೆ ನಡೆದ.

ಅಂದಿನಿಂದ ಗಾದಿಲಿಂಗ ರುಚಿ ನೋಡಲಿಲ್ಲ. ಅದು ಸುಲಭವಾಗಿತ್ತು ಎಂದು ಹೇಳುವಂತಿಲ್ಲ. ಬಿಸಿ ಬೆಲ್ಲದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು, ಬೆರಳು ತಾನಾಗಿ ತುಟಿಯ ಕಡೆ ಹೋಗುತ್ತಿತ್ತು, ಅರ್ಧ ದಾರಿಯಲ್ಲಿ ತಡೆದು ಸಿಡುಕುತ್ತಿದ್ದ. ಒಲೆಗೆ ಸಿಪ್ಪೆ ತುಂಬುವವರನ್ನು ಬೈಯುತ್ತಿದ್ದ, ಮನೆಯಲ್ಲಿ ಎರ್ರೆಮ್ಮನನ್ನು ಬೈಯುತ್ತಿದ್ದ. ಸಂಜೆ ಕಾಲುವೆಯ ಏರಿಯ ಮೇಲೆ ಒಂದು ತಾಸು ಬಿರುಸಾಗಿ ನಡೆಯಲು ಶುರು ಮಾಡಿದ. ದಿನವಿಡೀ ದುಡಿದವನು ಮತ್ತೆ ಯಾಕೆ ನಡೆಯುತ್ತಾನೆ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳಿದರು. ಒಬ್ಬೊಬ್ಬರಿಗೂ ಬಾರ್ಡರ್ ಎಂದರೇನು ಎಂದು ವಿವರಿಸಿ ಸಾಕಾಗಿ, ಕೊನೆಗೆ ಎಮ್ಮೆ ಕಳೆದಿದೆ ಎಂದು ಹೇಳತೊಡಗಿದ.

ಮೂರು ತಿಂಗಳಿಗೆ ಲ್ಯಾಬಿಗೆ ಹೋದ. ನೂರ ಒಂಬತ್ತು.

‘ಇಷ್ಟೆಲ್ಲ ಬಿಟ್ಟಿದ್ದಕ್ಕ ಬರೇ ಮೂರೇನ್ರಿ?’ ಎಂದು ಮಾಧವಿಯನ್ನು ಕೇಳಿದ.

ಏರಲಿಲ್ಲವಲ್ಲ, ಅದನ್ನು ನೋಡಿ ಎಂದಳು ಅವಳು. ಎರಡನೆಯ ಅಂಕಿ ನೂರ ಅರವತ್ತೊಂದರಿಂದ ನೂರ ನಲವತ್ತಾರಕ್ಕೆ ಬಂದಿದೆ ಎಂದೂ ತೋರಿಸಿದಳು. ಅವನಿಗೆ ಅದರಿಂದ ಸಮಾಧಾನ ಆಗಲಿಲ್ಲ. ಆದರೂ ಮುಂದಿನ ತಾರೀಕು ಬರೆಸಿಕೊಂಡ.

ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡು ಕಂಪ್ಲಿ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ಬೇರೆ ಯಾರಾದರೂ ಇಷ್ಟು ಹೊತ್ತಿಗೆ ಮೂರು ಕಡಾಯಿ ಇಳಿಸಿರುತ್ತಾರೆ ಎಂದುಕೊಂಡು ಏರಿಯ ಮೇಲೆ ಓಡುನಡಿಗೆಯಲ್ಲಿ ಬಂದ. ಗಾಣದಿಂದ ಹೊಗೆ ಏಳುತ್ತಿರಲಿಲ್ಲ. ಕಬ್ಬು ಅರೆಯದೆ ರಾಶಿ ಬಿದ್ದಿತ್ತು. ಆಳುಗಳು ನೆರಳಿನಲ್ಲಿ ಮಲಗಿದ್ದರು. ತೋಟಪ್ಪ ಮಂಚದ ಮೇಲೆ ಮುಖ ಗಂಟು ಹಾಕಿಕೊಂಡು ಕುಳಿತಿದ್ದ. ನಿನ್ನ ದಾರಿ ಕಾಯುತ್ತ ಅರ್ಧ ದಿನ ಹಾಳಾಯಿತು, ಇನ್ನು ಮೂರು ತಿಂಗಳಿಗೆ ಮತ್ತೆ ಹೀಗೆಯೇ ಮಾಡುತ್ತೀಯೇನೋ ಎಂದು ಕೇಳಿದ. ಹೌದು ಎಂದ ಗಾದಿಲಿಂಗ.

ತೋಟಪ್ಪ ಎದ್ದು, ಗಾಣ ಶುರು ಮಾಡಲು ಆಳುಗಳನ್ನು ಕೂಗಿದ.